ಬಾಟ್ಲಿ ಉಳಿದ್ವು, ಚೀಟಿ ಹೋದ್ವು

ನಿನ್ನಿ ಮಧ್ಯಾಹ್ನ ಬೆಳಗಾವಿಯ ಒಂದು ಕಾಲೇಜಿನ್ಯಾಗ ಕಸದ ಬುಟ್ಟಿಗೆ ಕೈ ಹಾಕ್ಕೊಂಡು ಕುಂತಿದ್ದೆ. ಅರವತ್ತೊಂದರ ವಯಸ್ಸು, ಮೈಮ್ಯಾಲ ಇಸ್ತ್ರಿ ಅಂಗಿ. ಮೂವತ್ತೆರಡು ವರ್ಷ ಪ್ರಾಣಿಶಾಸ್ತ್ರ ಕಲಿಸಿದ ಮಾಸ್ತರ ಹಿಂಗ ಕಸ ಕೆದರೋದು ನೋಡಿ ಅಟೆಂಡರ್ ಗಾಬರಿಯಾಗಿ, "ಸರ, ಏನರ ಬಂಗಾರ ಬಿದ್ದೈತೇನ್ರಿ?" ಅಂದ. ಹೌದಪಾ ಅಂದೆ.

ಆಗಿದ್ದು ಇಷ್ಟು. ಮುಂದಿನ ವಾರ ಆ ಕಾಲೇಜಿಗೆ ತಪಾಸಣಾ ಸಮಿತಿ ಬರತೈತಿ. ಗ್ವಾಡಿಗೆ ಸುಣ್ಣ, ಹೂಕುಂಡಕ್ಕ ಕೆಮ್ಮಣ್ಣು, ಪ್ರಾಣಿಶಾಸ್ತ್ರದ ಮ್ಯೂಸಿಯಮ್ಮಿಗೆ ಹೊಸ ಲೈಟು. ಹಳೇ ವಿದ್ಯಾರ್ಥಿ ಅಂತ ನನಗೂ ಫೋನ್ ಬಂತು. "ಬರ್ರಿ ಸರ, ಗುರುತ ಸಿಗಲಾರದಂಗ ಮಾಡೇವಿ." ಹೋಗಿ ನೋಡಿದೆ. ಖರೇನ, ಒಂದರ ಗುರುತೂ ಸಿಗವಲ್ದು.

ನಾವು ಓದೋ ಕಾಲಕ್ಕ ಆ ಗಾಜಿನ ಬಾಟ್ಲಿಗಳ ಕೊಳ್ಳಿಗೆ ಕಂದು ಬಣ್ಣದ ಚೀಟಿ ದಾರದಾಗ ಕಟ್ಟಿರತಿತ್ತು. ಪ್ರಾಣಿ ಹೆಸರ, ಸಿಕ್ಕ ಊರ, ತಾರೀಖ, ಹಿಡಿದವರ ಹೆಸರ. ನಮ್ಮ ಗುರುಗಳ ಗುರುಗಳ ಕೈಬರಹ. ಈಗ ಅವನ್ನೆಲ್ಲಾ ಕತ್ತರಿಸಿ ಒಗದು, ಮಿರಿಮಿರಿ ಮಿಂಚೋ ಸ್ಟಿಕ್ಕರ್ ಅಂಟಿಸ್ಯಾರ. ಮ್ಯಾಲ ಕಾಲೇಜಿನ ಲಾಂಛನ, ಕೆಳಗ ಒಂದ ಶಬ್ದ. "ಕಪ್ಪೆ." "ಬಾವಲಿ." "ಹಾವು." ಹಾವು ಅಂತ! ಉಪಕಾರ ಆತ್ರೀಪಾ, ಇಷ್ಟು ದಿನ ನಾವದನ್ನ ಪಡವಲಕಾಯಿ ಅನ್ಕೊಂಡಿದ್ವಿ.

ಸಿಟ್ಟು ಎದಕ್ಕಂದ್ರ, ಬಾಟ್ಲಿ ಒಳಗಿಂದು ಬರೇ ಹೆಣ. ಚೀಟಿ ಇದ್ರಷ್ಟ ಅದು ಸಾಕ್ಷಿ. ಎಲ್ಲಿ, ಯಾವಾಗ, ಯಾರು ಅನ್ನೋ ಮೂರು ಮಾತು ಹೋದ್ವು ಅಂದ್ರ ಅದಕ್ಕೂ ಸಂತ್ಯಾಗ ಮಾರೋ ಪ್ಲಾಸ್ಟಿಕ್ ಹಾವಿಗೂ ಏನ ಫರಕು?

ದೂರದ ಮಾತು ಬಿಡ್ರಿ, ನಮ್ಮ ಸೀಮಿದ ಹೇಳ್ತೇನಿ. ವಾಲ್ಟರ್ ಎಲಿಯಟ್ ಅಂತ ಒಬ್ಬ ಇಂಗ್ರಜಿ ಅಧಿಕಾರಿ ಇದ್ದ. 1824ರ ಅಕ್ಟೋಬರ್‌ದಾಗ ಕಿತ್ತೂರ ಕೋಟಿ ಮುಂದ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತನಲಾ, ಆವಾಗ ಚನ್ನಮ್ಮನ ಕೈಯಾಗ ಸೆರಿ ಸಿಕ್ಕ ಇಬ್ಬರೊಳಗ ಇಂವಾ ಒಬ್ಬ. ಬಿಡುಗಡಿ ಆದ ಮ್ಯಾಲ ಊರಿಗೆ ಓಡಿ ಹೋಗೋದು ಬಿಟ್ಟು ಈ ಧಾರವಾಡ, ಬೆಳಗಾವಿ ಸೀಮಿಯ ಇಲಿ, ನರಿ, ತೋಳ ಹಿಡಿಸಿಕೋತ, ಬರಕೋತ ಕುಂತ. 1839ರಾಗ ದಕ್ಷಿಣ ಮರಾಠಾ ಸೀಮಿಯ ಸಸ್ತನಿಗಳ ಪಟ್ಟಿ ಅಚ್ಚು ಹಾಕಿಸಿದ. ಹಿಡದು ಕೊಡಾವ್ರು ಯಾರು? ಕೆರಿ ಅಗಿಯೋ ಒಡ್ಡರು. ಎರಿ ಹೊಲದ ಬಿರುಕಿನ್ಯಾಗ ಇರೋ ಮೆತ್ತನ್ನ ತುಪ್ಪಳದ ಇಲಿಗೆ ಅವರು ಮೆಟ್ಟಾಡೆ ಅಂತಿದ್ರು. ಎಲಿಯಟ್ ಅದನ್ನ ಹಂಗ ಬರಕೊಂಡ. ಲಂಡನ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ 1837ರಾಗ ಅದಕ್ಕ ಲ್ಯಾಟಿನ್ ಹೆಸರ ಇಡೋ ಹೊತ್ತಿಗೆ ಅದ ಶಬ್ದ ತಗೊಂಡ. ಈಗ ಜಗತ್ತಿಗೆಲ್ಲಾ ಅದು ಮಿಲಾರ್ಡಿಯಾ ಮೆಲ್ಟಾಡಾ. ಒಂದು ಟ ಇದ್ದಲ್ಲಿ ಲ ಬಂದು ಕುಂತೈತಿ, ಇರ್ಲಿ ಬಿಡ್ರಿ, ನಮ್ಮ ರೇಷನ್ ಕಾರ್ಡಿನ್ಯಾಗ ಇದಕ್ಕಿಂತ ಹೆಚ್ಚಿನ ತಪ್ಪು ಅದಾವ. ಪೊದಿಯೊಳಗ ಇರೋ ಇನ್ನೊಂದು ಇಲಿಗೆ ಕನ್ನಡದಾಗ ಗುಲಂದಿ ಅಂತಿದ್ರಂತ. ಅದು ಗೊಲುಂಡಾ ಆತು. ಮಸಾರಿ ನೆಲದಾಗ ಬಿಲದ ಬಾಯಿಗೆ ಹಳ್ಳು ಒಟ್ಟಿಕೊಂಡು ಕೂಡೋ ಕಲ್ಲಿಲಿನೂ ಆ ಪಟ್ಟ್ಯಾಗ ಐತಿ. ಮಳಿ ಕೈಕೊಟ್ಟ 1826ರ ಹೊತ್ತಿನ್ಯಾಗ ಮೆಟ್ಟಾಡೆ ಹೊಲಕ್ಕ ಹೊಲಾನ ತಿಂದು, ರೈತರು ಒಡ್ಡರಿಗೆ ಕಾಳು ಅಳದು ಕೊಟ್ಟು ಇಲಿ ಹಿಡಿಸಿದ ಕತಿನೂ ಐತಿ. ಒಂದು ಇಲಿ ತೊಗಲು, ಅದರ ಕೂಡ ಒಂದು ಬರಹ. ಅದರಾಗ ಮಳಿ, ಮಣ್ಣು, ಕೂಲಿ, ಭಾಷಾ ಎಲ್ಲಾ ಬಂತು. ನಮ್ಮಾವ್ರ ಕೈಗೆ ಸಿಕ್ಕಿದ್ರ ಏನ ಬರೀತಿದ್ರು? "ಇಲಿ."

ಗೋಕಾಕ ಹತ್ತರ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಘೇಂಡಾಮೃಗದ ಎಲುಬು ಸಿಕ್ಕಿದ್ವು. ಭೂಗರ್ಭ ಸರ್ವೇದವರು. 1874ರಾಗ ರೈನೋಸೆರಸ್ ಡೆಕ್ಕನೆನ್ಸಿಸ್ ಅಂತ ಹೆಸರಿಟ್ಟು ಬರದ್ರು. ಗೋಕಾಕದಾಗ ಘೇಂಡಾ! ಕರದಂಟಿನ ಊರಾಗ! ಆ ಎಲುಬಿಗೆ ಊರಿನ ಹೆಸರ ಕಟ್ಟದ ಬರೇ "ಘೇಂಡಾ" ಅಂತ ಸ್ಟಿಕ್ಕರ್ ಹಚ್ಚಿದ್ರ, ಇದು ಅಸ್ಸಾಮಿಂದ ತಂದಿದ್ದಿರಬೇಕು ಅಂತ ಯಾರರ ಮೂಲಿಗೆ ಇಡ್ತಿದ್ರು. ಒಂದು ಕಾಲಕ್ಕ ಈ ನೆಲದಾಗ ಘೇಂಡಾ ಮೇಯೋವಷ್ಟು ಹುಲ್ಲು ನೀರು ಇತ್ತು ಅನ್ನೋದು ನಮಗ ಗೊತ್ತಾಗತಿರಲಿಲ್ಲ.

ಖಾನಾಪುರದ ಬಾವಲಿ ಬಗ್ಗೆ ನಾ ಎಷ್ಟು ಸಲ ಬರದೇನಿ ಅಂತ ನಿಮಗ ಗೊತ್ತೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು 1911ರಿಂದ ಸಸ್ತನಿ ಸರ್ವೇ ನಡಿಸಿದ್ರು. ಆವಾಗ ತಳೇವಾಡಿ ಹತ್ತರ ಬಾರಾಪೇಡೆ ಗುಹಾದಾಗ ದೊಡ್ಡ ಕಿವಿದೊಂದು ಬಾವಲಿ ಸಿಕ್ತು. 1913ರಾಗ ಲಂಡನ್ನಿನ ಓಲ್ಡ್‌ಫೀಲ್ಡ್ ಥಾಮಸ್ ಅದಕ್ಕ ಅರಣ್ಯ ಅಧಿಕಾರಿಯಾಗಿದ್ದ ಸಸ್ತನಿ ತಜ್ಞ ರಾಟನ್ ಅವರ ಹೆಸರ ಇಟ್ಟ. ಎಷ್ಟೋ ದಶಕ ಅದು ಜಗತ್ತಿನ್ಯಾಗ ಬ್ಯಾರೆ ಎಲ್ಲೂ ಕಂಡಿರಲಿಲ್ಲ. ಆಮ್ಯಾಲ ಮೇಘಾಲಯದಾಗ, ಕಾಂಬೋಡಿಯಾದಾಗ ಸಿಕ್ತು. ಈಗ ಆ ಸೀಮಿ ಭೀಮಗಡ ಅಭಯಾರಣ್ಯ. ಒಂದು ಚೀಟಿ ಮ್ಯಾಲ ಒಂದು ಹಳ್ಳಿ ಹೆಸರ ಇದ್ದದ್ದಕ್ಕ ಜನ ಮತ್ತ ಮತ್ತ ಅದ ಗುಹಾಕ್ಕ ಹೋಗಿ ಇನ್ನೂ ಅದಾವೇನು ಅಂತ ಎಣಿಸಾಕ ಬಂತು.

ನಿನ್ನಿ ಕಸದ ಬುಟ್ಟ್ಯಾಗ ನನಗ ಸಿಕ್ಕ ಚೀಟಿಗಳೊಳಗ ಒಂದರ ಮ್ಯಾಲ "ಬಾವಲಿ, ಖಾನಾಪುರ ತಾ., 1968" ಅಂತ ಐತಿ. ಕಪಾಟಿನ್ಯಾಗ ಬಾವಲಿ ಬಾಟ್ಲಿ ಮೂರು. ಯಾವುದು ಖಾನಾಪುರದ್ದು? ಕಿವಿ ನೋಡಿದ್ರ ಮೂರೂ ಬಾರಾಪೇಡೆ ಜಾತಿ ಅಲ್ಲ, ಅದು ಸಮಾಧಾನ. ಆದ್ರ 1968ರಾಗ ಖಾನಾಪುರದ ಯಾವ ಬಾವಲಿ ಹಿಡಿದಿದ್ರು ಅಂತ ಇನ್ನ ಮ್ಯಾಲ ಆ ಬಾವಲಿನ ಎದ್ದು ಬಂದು ಹೇಳಬೇಕು.

ಅಲ್ಲಿದ್ದ ತರುಣ ಲೆಕ್ಚರರ್ ಒಬ್ಬಾಂವ, ಛಲೋ ಹುಡುಗ, ನನ್ನ ಶಿಷ್ಯನ ಶಿಷ್ಯ, "ಸರ, ಈಗ ಡಿಎನ್‌ಎ ಬಂದೈತಲ್ರಿ, ಒಂದ ಚೂರು ಕಳಿಸಿದ್ರ ಎಲ್ಲಾ ಹೇಳತಾರ" ಅಂದ. ಡಿಎನ್‌ಎ ಯಾರು ಅಂತ ಹೇಳೀತಪಾ, ಯಾವ ಊರ, ಯಾವ ವರ್ಷ ಅಂತ ಅದರಾಗ ಬರದಿರಂಗಿಲ್ಲ. ಅದಕ್ಕೂ ಮದಲ, ಫಾರ್ಮಲಿನ್ನಿನ್ಯಾಗ ಐವತ್ತು ವರ್ಷ ನೆನದಿದ್ದರಾಗಿಂದ ಡಿಎನ್‌ಎ ತಗಿಯೋದು ಉಪ್ಪಿನಕಾಯಿ ಭರಣ್ಯಾಗಿಂದ ಮಾವಿನ ಗಿಡಾ ಬೆಳಸಿದಂಗ. "ಮಂದಿಗೆ ಚೀಟಿ ಓದಾಕ ಟೈಮ್ ಎಲ್ಲೈತ್ರಿ, ನೋಡಾಕ ಛಂದ ಇರಬೇಕಲ್ರಿ" ಅಂತನೂ ಅಂದ. ಇದಕ್ಕ ಉತ್ತರ ಕೊಡಲಿಲ್ಲ. ಬಿಪಿ ಗುಳಿಗಿ ಮನ್ಯಾಗ ಬಿಟ್ಟು ಬಂದಿದ್ದೆ.

ತಾರೀಖಿನ ಕಿಮ್ಮತ್ತು ತಿಳೀಬೇಕಂದ್ರ ತತ್ತಿ ಕತಿ ಕೇಳ್ರಿ. ಬ್ರಿಟನ್ನಿನ್ಯಾಗ ಪೆರಿಗ್ರಿನ್ ಡೇಗಿಗಳು ಕಾವಿಗೆ ಕುಂತ್ರ ತತ್ತಿ ಒಡದು ಹೋಗಾಕ ಹತ್ತಿದ್ವು. ಡೆರೆಕ್ ರಾಟ್‌ಕ್ಲಿಫ್ ಅನ್ನಾಂವ ಹಳೇ ಸಂಗ್ರಹದಾಗಿನ ತತ್ತಿ ಸಿಪ್ಪಿ ತೂಗಿ, ಅಳದು, ತಾರೀಖ ಹಿಡದು ಜೋಡಿಸಿದ. 1947ರ ಸುಮಾರು ಸಿಪ್ಪಿ ಒಮ್ಮಿಗಲೇ ತೆಳ್ಳಗ ಆಗಿತ್ತು. ಹೊಲಕ್ಕ ಹುಳಾ ಕೊಲ್ಲೋ ಡಿಡಿಟಿ ಹೊಡಿಯಾಕ ಶುರು ಮಾಡಿದ ಕಾಲ ಅದು. 1967ರಾಗ ಪ್ರಕಟ ಮಾಡಿದ. ಆ ತತ್ತಿ ಕೂಡಿಸಿಟ್ಟಾವ್ರಿಗೆ ಡಿಡಿಟಿ ಅಂದ್ರ ಏನಂತ ಗೊತ್ತಿರಲಿಲ್ಲ. ತಾರೀಖ ಬರದಿಟ್ಟಿದ್ರು, ಅಷ್ಟ. ನಮ್ಮ ಮನಿ ಗ್ವಾಡಿಗೂ ಮಲೇರಿಯಾದವರು ಬಂದು ಡಿಡಿಟಿ ಹೊಡದು ಹೋಗತಿದ್ರು, ನಮ್ಮವ್ವ ಹಿಟ್ಟಿನ ಡಬ್ಬಿ ಮುಚ್ಚಿ ಬೈಕೋತ ನಿಂದ್ರತಿದ್ಲು. ಆ ಕಾಲದ ನಮ್ಮ ಹಕ್ಕಿ ತತ್ತಿ ಯಾರರ ಇಟ್ಟಾರೇನು? ಇಟ್ಟಿದ್ರ ಈಗ ಅದರ ಮ್ಯಾಲ "ತತ್ತಿ" ಅಂತ ಸ್ಟಿಕ್ಕರ್ ಇರತೈತಿ.

2016ರ ಏಪ್ರಿಲ್‌ದಾಗ ದಿಲ್ಲಿಯ ನಿಸರ್ಗ ಮ್ಯೂಸಿಯಂ ಸುಟ್ಟಾಗ, 2018ರಾಗ ಬ್ರೆಜಿಲ್ಲಿಂದು ಸುಟ್ಟಾಗ ಎಲ್ಲಾರೂ ಅಯ್ಯೋ ಅಂದ್ವಿ. ನಾನೂ ಇಲ್ಲೇ ಉದ್ದಕ ಬರದಿದ್ದೆ. ಸ್ಟಿಕ್ಕರ್ ಅಂಟಿಸಿದ್ರ ಹೊಗಿ ಬರಂಗಿಲ್ಲ, ಅದಕ್ಕ ಯಾರೂ ಅಳಂಗಿಲ್ಲ.

ಚೀಟಿ ಇಲ್ಲದ್ದಕ್ಕಿಂತ ಕೆಟ್ಟದ್ದು ಒಂದ ಐತಿ, ಸುಳ್ಳು ಚೀಟಿ. ಮೈನರ್ಟ್ಸ್‌ಹಾಗನ್ ಅಂತ ಒಬ್ಬ ಕರ್ನಲ್ ಸಾಹೇಬ ಮ್ಯೂಸಿಯಮ್ಮಿನ ಹಕ್ಕಿ ಕದ್ದು, ಹೊಸ ಚೀಟಿ ಬರದು, ತಾನ ಹೊಡದಿದ್ದು ಅಂತ ಇಟ್ಕೊತಿದ್ದ. ಅಡವ್ಯಾಗಿನ ಒಂದು ಸಣ್ಣ ಗೂಗಿ 1884ರ ಮ್ಯಾಲ ಕಂಡಿರಲಿಲ್ಲ. ಈ ಪುಣ್ಯಾತ್ಮ ತಾ 1914ರಾಗ ಗುಜರಾತಿನ ಮಾಂಡವಿಯೊಳಗ ಹಿಡಿದೇನಿ ಅಂತ ಬರದಿಟ್ಟ. ಹುಡುಕಾವ್ರು ದಿಕ್ಕ ತಪ್ಪಿದ್ರು. ಅಮೆರಿಕದ ಹಕ್ಕಿ ತಜ್ಞೆ ಪಮೇಲಾ ರಾಸ್ಮುಸೆನ್ ಆ ಚೀಟಿ ಸುಳ್ಳು ಅಂತ ಹಿಡದು, ಖರೇ ಚೀಟಿಗಳಲ್ಲಿದ್ದ ಊರ ನೋಡಿ, ಸಂಗಾತಿಗಳ ಕೂಡ 1997ರಾಗ ಮಹಾರಾಷ್ಟ್ರದ ಶಹಾದಾ ಕಡೆ ಹೋದ್ರು. ಗೂಗಿ ಅಲ್ಲೇ ಕುಂತಿತ್ತು.

ಈ ಸಾಹೇಬನ್ನ ನಾ ಕ್ಲಾಸಿನ್ಯಾಗ ಮೂವತ್ತೆರಡು ವರ್ಷ ಬೈದೇನಿ. ಇಲ್ಲಿಗೆ ಬಂದಮ್ಯಾಲ ಇನ್ನೊಂದು ಮಾತು ಹೇಳಲಾರದ ಇದ್ರ ನಿದ್ದಿ ಬರಂಗಿಲ್ಲ.

ಬಿ.ಎಸ್ಸಿ. ಎರಡನೇ ವರ್ಷ ನಾವು ಹುಳದ ಡಬ್ಬಿ ಮಾಡಿ ಕೊಡಬೇಕಿತ್ತು. ನಾ ಒಂದು ಹುಳಾನೂ ಹಿಡೀಲಿಲ್ಲ. ಜಮಖಂಡಿಯ ನಮ್ಮ ದೊಡ್ಡವ್ವನ ಮಗ ನನಗಿಂತ ಮೂರು ವರ್ಷ ದೊಡ್ಡಾಂವ, ಅವನ ಡಬ್ಬಿ ಮನ್ಯಾಗ ಅಟ್ಟದ ಮ್ಯಾಲ ಇತ್ತು. ಜೀರಂಗಿ, ಪಾತರಗಿತ್ತಿ, ಕೊಡತಿ ಹುಳ, ಒಟ್ಟು ಮೂವತ್ತು. ತಂದೆ. ಅವನ ಚೀಟಿ ಕಿತ್ತು ಒಲಿಗೆ ಹಾಕಿ, ಛಂದಾಗಿ "ಗೋಕಾಕ ಫಾಲ್ಸ್, 14-8-1983" ಅಂತ ಮೂವತ್ತು ಸಲ ಬರದೆ. ಆ ರವಿವಾರ ನಾ ಗೋಕಾಕದಾಗ ಇರಲಿಲ್ಲ, ಟಾಕೀಜಿನ್ಯಾಗ ಇದ್ದೆ. ಹತ್ತಕ್ಕ ಒಂಬತ್ತು ಬಿದ್ವು.

ಹುಳಕ್ಕ ಚೀಟಿ ದಾರದಾಗ ಕಟ್ಟಂಗಿಲ್ಲ, ಅದ ಟಾಚಣಿಗೆ ಚುಚ್ಚಿರತೇವಿ. ಅದಕ್ಕ ನಿನ್ನಿ ಆ ಕತ್ತರಿ ಅವಕ್ಕ ಮುಟ್ಟಿಲ್ಲ. ಆ ಹುಡುಗ ನನ್ನ ಕೈ ಹಿಡಕೊಂಡು ಹೋಗಿ ಗಾಜಿನ ಡಬ್ಬಿ ಮುಂದ ನಿಂದ್ರಿಸಿ, "ಇದೊಂದನ್ನ ಇದ್ದಂಗ ಇಟ್ಟೇವ್ರಿ ಸರ. ಊರು, ತಾರೀಖು, ಎಷ್ಟು ನೀಟಾಗಿ ಬರದಾರ ನೋಡ್ರಿ, ಸಮಿತಿಗೆ ಮದಲ ಇದನ್ನ ತೋರಸ್ತೇವಿ" ಅಂದ. ಡಾಂಬರಗುಳಿಗಿ ವಾಸನಿ. ಮೂವತ್ತೂ ಹುಳ ಅದಾವ. ಆ ಮ್ಯೂಸಿಯಮ್ಮಿನ್ಯಾಗ ಊರು ತಾರೀಖು ಇರೋ ಚೀಟಿ ಉಳದಿದ್ದು ಅವು ಮೂವತ್ತ.

ಹೇಳಿದೆ ಅವಗ. ಇದು ನಂದು, ಸುಳ್ಳು ಐತಿ, ತಗೀಪಾ ಅಂದೆ. ನಕ್ಕ. "ಸಮಿತಿ ಹೋಗ್ಲಿ ತಡೀರಿ ಸರ" ಅಂದ.

ಅಣ್ಣ ತೀರ್ಕೊಂಡು ಒಂಬತ್ತು ವರ್ಷ ಆತು. ಜಮಖಂಡಿ ಕಡೆ 1979-80ರ ಹೊತ್ತಿಗೆ ಅವನ ಕೂಡ ಹುಳ ಹಿಡಿಯಾಕ ಹೋಗತಿದ್ದ ಗೆಳ್ಯಾರು ಯಾರರ ಇದನ್ನ ಓದಿದ್ರ, ಯಾವ ಹೊಲ, ಯಾವ ಹಳ್ಳ, ಮಳಿಗಾಲವೋ ಚಳಿಗಾಲವೋ, ನೆನಪಿದ್ದಷ್ಟು ಇನ್‌ಬಾಕ್ಸಿಗೆ ಬರೀರಿ. ಟಾಚಣಿ, ಕಾಗದ ನನ್ನ ಹತ್ತರ ಅದಾವ.