ನೆಲದ ಮೇಲಿನ ಕೆಲ್ಸ ಅಷ್ಟು ಸುಲಭಕ್ಕೆ ಸಿಗಲ್ಲ ಸರ್
ಕಾಕ್‌ಪಿಟ್‌ನಲ್ಲಿ ಪೈಲಟ್‌ಗಳ ಜೊತೆ ಕೂತು ಇಂಧನ, ಯಂತ್ರಗಳನ್ನ ನೋಡ್ಕೊಳ್ತಿದ್ದ ಫ್ಲೈಟ್ ಇಂಜಿನಿಯರ್‌ಗಳ ಸೀಟು ಹೋದ್ರೂ ಅವ್ರು ಆರಾಮಾಗಿ ಮೇಂಟೆನೆನ್ಸ್ ಕಡೆ ಹೋಗ್ಬಹುದಿತ್ತು ಅಂತ ನಿಮ್ಮ ಲೇಖನದಲ್ಲಿ ಬರ್ದಿದೀರಲ್ಲ, ಅದನ್ನ ಒಪ್ಪಕ್ಕಾಗಲ್ಲ. ಹಾರಾಟದ ಲೈಸೆನ್ಸೇ ಬೇರೆ, ಹ್ಯಾಂಗರ್‌ನಲ್ಲಿ ವಿಮಾನ ಹಾರೋಕೆ ಸರಿಯಿದೆ ಅಂತ ಸಹಿ ಹಾಕೋ ಎಎಂಇ (ವಿಮಾನ ನಿರ್ವಹಣಾ ಇಂಜಿನಿಯರ್) ಲೈಸೆನ್ಸೇ ಬೇರೆ, ಅದಕ್ಕೆ ಡಿಜಿಸಿಎ, ಅಂದ್ರೆ ಸರ್ಕಾರದ ವಿಮಾನಯಾನ ನಿಯಂತ್ರಣ ಸಂಸ್ಥೆಯ ಪರೀಕ್ಷೆ ಪಾಸಾಗ್ಬೇಕು, ಆಮೇಲೆ ಒಂದೊಂದು ಮಾದರಿ ವಿಮಾನಕ್ಕೂ ಪಡೀಬೇಕಾದ ಟೈಪ್ ರೇಟಿಂಗ್ ಬೇರೆ, ಐವತ್ತರ ಹತ್ರ ಬಂದವ್ರು ಮನೆ ನಡೆಸ್ಕೊಂಡು ಇದೆಲ್ಲ ಮೊದಲಿಂದ ಹೇಗೆ ಮಾಡೋದು ಹೇಳಿ?

ನಮ್ಮ ಚಿಕ್ಕಪ್ಪ ಫ್ಲೈಟ್ ಇಂಜಿನಿಯರ್ ಆಗಿ ಹಳೇ ಬೋಯಿಂಗ್ 747 ವಿಮಾನದಲ್ಲಿ ಕೋ-ಪೈಲಟ್ ಹಿಂದೆ, ಬಲಗಡೆ ಗೋಡೆ ತುಂಬ ಇರೋ ಪ್ಯಾನಲ್‌ಗೆ ಮುಖ ಮಾಡಿ ಕೂರ್ತಿದ್ದವ್ರು. ಯಾವ ಟ್ಯಾಂಕಿಂದ ಯಾವ ಇಂಜಿನ್‌ಗೆ ಇಂಧನ ಹೋಗ್ಬೇಕು, ಕ್ಯಾಬಿನ್ ಪ್ರೆಷರ್, ಹೈಡ್ರಾಲಿಕ್ಸ್ ಎಲ್ಲಾ ಅವರ ಕೈಲೇ. 1989ರಲ್ಲಿ ಫ್ಲೈಟ್ ಇಂಜಿನಿಯರ್ ಇಲ್ದೆ ಇಬ್ಬರು ಪೈಲಟ್‌ಗಳೇ ಹಾರಿಸೋ 747-400 ಸೇವೆಗೆ ಬಂತು, ಹಳೇವು ಒಂದೊಂದಾಗಿ ಮೂಲೆ ಸೇರಿದ ಹಾಗೆ ಇವರ ಕೆಲ್ಸಾನೂ ಹೋಯ್ತು.

ಬೆಂಗಳೂರಿಗೆ ಬಂದು ಹಳೇ ಏರ್‌ಪೋರ್ಟ್ ರೋಡಲ್ಲಿ ಫೈಲ್ ಹಿಡ್ಕೊಂಡು ಅಲೆದ್ರು, ಒಂದು ಕಡೆ ಲಾಗ್‌ಬುಕ್ ತೆರೆದೂ ನೋಡ್ದೆ "ಎಎಂಇ ಇದ್ಯಾ?" ಅಂತ ಕೇಳಿ ವಾಪಸ್ ಕಳಿಸಿದ್ರು. ಹೊಸ ವಿಮಾನ ಬರ್ಲಿ, ಬೇಡ ಅನ್ನಲ್ಲ, ಆದ್ರೆ ಇಂಥವರನ್ನ ಸಿಮ್ಯುಲೇಟರ್ ಟ್ರೈನಿಂಗ್‌ಗೋ ಸೇಫ್ಟಿ ವಿಭಾಗಕ್ಕೋ ತಗೋಬಹುದಿತ್ತಲ್ವಾ, ಅದ್ರ ಬಗ್ಗೆ ನೀವು ಒಂದು ಸಾಲೂ ಬರ್ದಿಲ್ಲ.