ಬಾಟಲಿಗೆ ಸಿಗದ್ದು ಕಪ್ಪೆಚಿಪ್ಪಿಗೆ ಸಿಗುತ್ತದೆ

ಬೆಂಗಳೂರಿನ ಕೆರೆ ನೀರನ್ನು ತಿಂಗಳಿಗೊಮ್ಮೆ ಬಾಟಲಿಗೆ ತುಂಬಿ ಪರೀಕ್ಷಿಸಿ ದರ್ಜೆ ಕೊಡುತ್ತಾರೆ. ಕರಗಿದ ಆಮ್ಲಜನಕ, ಬಿಒಡಿ (ನೀರಿನ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ), ಕೋಲಿಫಾರ್ಮ್ (ಮಲದ ಕಲಬೆರಕೆಯನ್ನು ಸೂಚಿಸುವ ಬ್ಯಾಕ್ಟೀರಿಯಾ) ನೋಡಲು ಅದು ನಡೆಯುತ್ತದೆ. ಕ್ಯಾಡ್ಮಿಯಂ, ಸೀಸಕ್ಕೆ ಸಾಲದು. ರಾತ್ರಿ ಯಾರೋ ರಾಜಕಾಲುವೆಗೆ ಲೋಹಲೇಪನ (ಪ್ಲೇಟಿಂಗ್) ಕಾರ್ಖಾನೆಯ ಕೊಳಕು ನೀರು ಬಿಟ್ಟರೆ, ಬಾಟಲಿ ಬರುವ ಹೊತ್ತಿಗೆ ಅದು ಅಳತೆಗೆ ಸಿಗದಷ್ಟು ತೆಳುವಾಗಿರುತ್ತದೆ, ಇಲ್ಲವೇ ಹೂಳಿಗೆ ಇಳಿದಿರುತ್ತದೆ.

ನಾನಿರುವ ಅಮೆರಿಕದ ಕರಾವಳಿಯಲ್ಲಿ 1986ರಿಂದ ‘ಮಸಲ್ ವಾಚ್’ ಎಂಬ ಕಪ್ಪೆಚಿಪ್ಪಿನ ಮೂಲಕ ಮಾಲಿನ್ಯ ಅಳೆಯುವ ಯೋಜನೆ ನಡೆಯುತ್ತಿದೆ. ಗುರುತು ಮಾಡಿಟ್ಟ ಸುಮಾರು 300 ಜಾಗಗಳಿಂದ ಕಪ್ಪೆಚಿಪ್ಪು, ಸಿಂಪಿ ತೆಗೆದು ಮಾಂಸವನ್ನೇ ಪರೀಕ್ಷಿಸುತ್ತಾರೆ. ದಿನವಿಡೀ ನೀರು ಸೋಸುವ ಈ ಜೀವಿಯ ಮೈಯಲ್ಲಿ ಲೋಹ, ಡಿಡಿಟಿ ಕೀಟನಾಶಕ, ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕ ವಾರಗಟ್ಟಲೆ ಕೂಡಿಕೊಳ್ಳುತ್ತವೆ. ಇದು ಉಪ್ಪುನೀರಿನ ಮಾತು ಎನ್ನುವವರು ಗಮನಿಸಬೇಕು: ಅಮೆರಿಕದ ಸಿಹಿನೀರಿನ ಮಹಾಸರೋವರಗಳೂ (ಗ್ರೇಟ್ ಲೇಕ್ಸ್) ಇದೇ ಯೋಜನೆಯಲ್ಲಿವೆ.

ಆದರೆ ಅಮೆರಿಕದ ಕ್ರಮವನ್ನು ಹಾಗೇ ತಂದರೆ ಬೆಂಗಳೂರಿನಲ್ಲಿ ಕೆಡುತ್ತದೆ. ಅಲ್ಲಿ ಬಂಡೆಗೆ ಅಂಟಿದ್ದನ್ನು ಕಿತ್ತರೆ ಸಾಕು. ನಮ್ಮ ಎಷ್ಟೋ ಕೆರೆಗಳಲ್ಲಿ ಕೀಳಲು ಏನೂ ಉಳಿದಿಲ್ಲ. ಹಾಗಾಗಿ ಬೇರೆಡೆಯಿಂದ ತಂದ ಚಿಪ್ಪುಗಳನ್ನು ಬಲೆಯ ಗೂಡಿನಲ್ಲಿಟ್ಟು ಕೆರೆಗೆ ಇಳಿಬಿಡಬೇಕು. ಮೊದಲಿಗೆ ಬೆಳ್ಳಂದೂರು ಬೇಡ, ಆಮ್ಲಜನಕವಿಲ್ಲದೆ ಸಾಯುತ್ತವೆ. ಸಂಸ್ಕರಿಸಿದ ನೀರು ಜೌಗಿನ ಮೂಲಕ ಒಳಬರುವ ಜಕ್ಕೂರು ಕೆರೆ ಒಳ್ಳೆಯದು: ಒಂದು ಗೂಡು ಜೌಗಿನ ಬಾಯಲ್ಲಿ, ಒಂದು ಕೋಡಿಯ ಹತ್ತಿರ.

ಚಿಪ್ಪು ನಮ್ಮದೇ ಸಿಹಿನೀರಿನ ಕಪ್ಪೆಚಿಪ್ಪು ಲ್ಯಾಮೆಲಿಡೆನ್ಸ್ ಆಗಿರಲಿ, ಹೊರಗಿನ ಜಾತಿ ಕೆರೆಗೆ ಬಿದ್ದರೆ ಆಮೇಲೆ ತೆಗೆಯಲಾಗದು. ಎಲ್ಲವೂ ಒಂದೇ ಕಡೆಯವು, 60ರಿಂದ 70 ಮಿಲಿಮೀಟರ್ ಉದ್ದದವು, ಗೂಡಿಗೆ 25. ಇಳಿಸುವ ದಿನವೇ ಇನ್ನೊಂದು ಹತ್ತನ್ನು ಶೈತ್ಯೀಕರಿಸಿಡಬೇಕು. ಮೊದಲೇ ಎಷ್ಟು ಲೋಹವಿತ್ತೆಂದು ತಿಳಿಯದಿದ್ದರೆ ಮುಂದಿನ ಲೆಕ್ಕಕ್ಕೆ ಅರ್ಥವಿಲ್ಲ. ಗೂಡು ಪ್ಲಾಸ್ಟಿಕ್ ಬಲೆಯದು. ಸತು ಲೇಪಿಸಿದ ಕಬ್ಬಿಣದ (ಜಿಐ) ತಂತಿ ಬಳಸಿದರೆ ಅದರ ಸತುವೇ ಫಲಿತಾಂಶಕ್ಕೆ ಸೇರುತ್ತದೆ. ಹೂಳಿನಿಂದ ಅರ್ಧ ಮೀಟರ್ ಮೇಲೆ ತೂಗಲಿ. ವಾರಕ್ಕೊಮ್ಮೆ ಪಾಚಿ ಉಜ್ಜಿ, ಸತ್ತವನ್ನು ಎಣಿಸಿ ತೆಗೆಯಬೇಕು. ಕೆರೆಯಲ್ಲಿ ಮೀನು ಹಿಡಿಯುವವರಿಗೆ ಕೂಲಿ ಕೊಟ್ಟು ಈ ಕೆಲಸ ಒಪ್ಪಿಸುವುದು ಮೇಲು. ಗೂಡು ಕಳುವಾಗುವುದೂ ಕಡಿಮೆಯಾಗುತ್ತದೆ.

ಆರು ವಾರದ ನಂತರ ಎತ್ತಿ, 24 ಗಂಟೆ ಶುದ್ಧ ನೀರಿನಲ್ಲಿಡಬೇಕು, ಇಲ್ಲವಾದರೆ ಹೊಟ್ಟೆಯ ಮಣ್ಣಿನ ಲೋಹವೂ ಮಾಂಸದ ಲೆಕ್ಕಕ್ಕೆ ಬೀಳುತ್ತದೆ. ಬಿಡಿಸಲು ಸೆರಾಮಿಕ್ ಚಾಕು. ಫಲಿತಾಂಶವನ್ನು ಒಣಗಿಸಿದ ಮಾಂಸದ ತೂಕದ ಮೇಲೆ ಬರೆಯಬೇಕು.

ಸತು, ತಾಮ್ರದ ಅಂಕಿಯನ್ನು ಪೂರ್ತಿ ನಂಬಬಾರದು. ಅವನ್ನು ಜೀವಿಯೇ ಒಂದಿಷ್ಟು ಹತೋಟಿಯಲ್ಲಿಡುತ್ತದೆ. ವಿಷ ತೀರಾ ಹೆಚ್ಚಾದರೆ ಚಿಪ್ಪು ಮುಚ್ಚಿಕೊಂಡು ಸೋಸುವುದನ್ನೇ ನಿಲ್ಲಿಸುವುದರಿಂದ, ಅತಿ ಕೆಟ್ಟ ಜಾಗದಲ್ಲೇ ಅಂಕಿ ಕಡಿಮೆ ಬರಬಹುದು. ಆಗ ಸತ್ತವುಗಳ ಲೆಕ್ಕ, ಚಿಪ್ಪಿನ ತೂಕಕ್ಕೆ ಮಾಂಸದ ತೂಕ ಎಷ್ಟೆಂಬುದು, ಇವೆರಡೇ ದಾರಿ ತೋರಿಸುವುದು.