ಬಂಧನವಾಗದವರ ಮನೆಗೆ ಗಡುವೇ ಇಲ್ಲ

ಪೊಲೀಸ್ ತನಿಖೆಯ ಕುರಿತ ಲೇಖನವೊಂದರಲ್ಲಿ ‘ತನಿಖೆ 90 ದಿನಗಳಲ್ಲಿ ಮುಗಿಯಲೇಬೇಕು, ಕುಟುಂಬದವರು ಅಲ್ಲಿಯವರೆಗೆ ತಾಳ್ಮೆಯಿಂದಿರಲಿ’ ಎಂದು ಲೇಖಕರು ಬರೆದಿರುವ ಮಾತು ಸರಿಯಲ್ಲ. ಅಪರಾಧ ಪ್ರಕರಣಗಳ ತನಿಖೆ ಮತ್ತು ವಿಚಾರಣೆಯ ಕ್ರಮವನ್ನು ಹೇಳುವ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮು ಹೇಳುವ 60 ಅಥವಾ 90 ದಿನಗಳ ಲೆಕ್ಕ ಬಂಧನದಲ್ಲಿರುವ ಆರೋಪಿಗೆ ಸಂಬಂಧಿಸಿದ್ದು. ಅಷ್ಟರೊಳಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗದಿದ್ದರೆ ಅವನಿಗೆ ಜಾಮೀನಿನ ಹಕ್ಕು ಬರುತ್ತದೆಯೇ ಹೊರತು ತನಿಖೆ ಅಲ್ಲಿಗೇ ಮುಗಿಯುವುದಿಲ್ಲ.

ಪ್ರಕರಣವೊಂದರಲ್ಲಿ ತನಿಖೆಗೆ ಒಳಗಾಗಿದ್ದ ನನ್ನ ತಮ್ಮನನ್ನು ಬಂಧಿಸಿರಲೇ ಇಲ್ಲ. ಆಗಾಗ ಠಾಣೆಗೆ ಕರೆಸಿ, ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿ ಕಳುಹಿಸುತ್ತಿದ್ದರು. ಹೀಗಾಗಿ ನಮಗೆ ಎಣಿಸಲು ದಿನಗಳೇ ಇರಲಿಲ್ಲ. ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬರಬೇಕು ಎಂಬ ಒಂದೇ ಉತ್ತರವನ್ನು 14 ತಿಂಗಳು ಕೇಳಿದೆವು. ಯಾವ ಹೊತ್ತಿನಲ್ಲಿ ಕರೆ ಬರುವುದೋ ಎಂದು ಅಮ್ಮ ಅವನ ಒಂದು ಅಂಗಿಯನ್ನು ಇಸ್ತ್ರಿ ಮಾಡಿಸಿ ಬಾಗಿಲ ಹಿಂದಿನ ಗೂಟಕ್ಕೆ ಸದಾ ತೂಗುಹಾಕಿರುತ್ತಿದ್ದರು, ಮನೆಯ ಮುಂದೆ ಯಾವುದೇ ಬೈಕ್ ನಿಂತರೂ ಒಲೆ ಆರಿಸಿ ಹೊರಗೆ ಬರುತ್ತಿದ್ದರು. (ಬಹುಪಾಲು ಬಂದವನು ಕೊರಿಯರ್ ಹುಡುಗ.)

ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ತಿಳಿಸಬೇಕೆಂದು ಅದೇ ಸಂಹಿತೆಯ 193ನೇ ಕಲಮು ವಿಧಿಸುತ್ತದೆ, ಆದರೆ ಅದು ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ಮಾತ್ರ. ಅವರಿಗೆ ಆ ಹಕ್ಕು ಸಿಕ್ಕಿದ್ದು ನ್ಯಾಯವೇ. ಸಾಕ್ಷ್ಯದ ವಿವರ ಬೇಡ, ವರದಿ ಬಂದಿದೆಯೋ ಇಲ್ಲವೋ ಎಂಬಷ್ಟನ್ನು ಒಂದು ಎಸ್‌ಎಂಎಸ್ ಮೂಲಕ ನಮ್ಮಂಥವರಿಗೂ ತಿಳಿಸಿದರೆ ತನಿಖೆಗೆ ಯಾವ ಅಡ್ಡಿಯಾಗುತ್ತದೆ ಎಂಬುದನ್ನು ಲೇಖಕರು ಹೇಳಬೇಕಿತ್ತು.